ಫೋನ್ ಬಾರದ ಅರ್ಜಿ

ತೀರಿಕೊಂಡ ಅಪ್ಪನ ಅಂಗಿಯ ಗುಂಡಿ ಹಾಕುತ್ತಿದ್ದ ಮಗಳ ಕೈಯನ್ನು ಅಮ್ಮ ತಡೆದಳು.

"ಕಾಲರ್ ಗುಂಡಿ ಬಿಡೇ. ಆಫೀಸಿಗೆ ಹೋಗೋವಾಗ ಮಾತ್ರ ಹಾಕ್ತಿದ್ರು."

"ಹಾಕ್ತೀನಮ್ಮ. ಆಫೀಸಿನವರೇ ಬಂದಿದಾರಲ್ಲ."

ಅಂಗಳದಲ್ಲಿ ಆಗಲೇ ನಲವತ್ತು ಜನ. ವಿಶ್ವವಿದ್ಯಾಲಯದ ನೇಮಕಾತಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರಿಗೆ ಇಷ್ಟು ಜನವೇ ಎಂದು ಅಕ್ಕಪಕ್ಕದವರು ಕಣ್ಣರಳಿಸಿದ್ದರು. ಅಧ್ಯಾಪಕರ ಹುದ್ದೆಯಿರಲಿ, ಜವಾನರ ಹುದ್ದೆಯಿರಲಿ, ಅರ್ಜಿ ಬಂದ ದಿನವೇ ಅವರು ಬಿಚ್ಚಿ ನೋಡುತ್ತಿದ್ದರು. ಒಂದು ಅಂಕಪಟ್ಟಿ ಕಡಿಮೆಯಿದ್ದರೂ ಫೋನ್ ಮಾಡಿ, "ಕೊನೇ ದಿನದೊಳಗೆ ತಂದ್ಕೊಡಿ" ಎಂದಷ್ಟೇ ಹೇಳಿ ಇಡುತ್ತಿದ್ದರು. ಯಾವ ನಿಯಮದಲ್ಲೂ ಇಲ್ಲದ ಕೆಲಸ.

ಎಲ್ಲರಿಗೂ ಮಾಡಿದ್ದರು, ಮಗಳೊಬ್ಬಳನ್ನು ಬಿಟ್ಟು.

*

ಹನ್ನೆರಡು ವರ್ಷದ ಹಿಂದೆ ಗಣಿತ ಅಧ್ಯಾಪಕಿಯ ಹುದ್ದೆಗೆ ಅರ್ಜಿ ಹಾಕಿದಾಗ ಅವಳು ಅನುಭವ ಪತ್ರ ಇಡಲು ಮರೆತಿದ್ದಳು. ಇನ್ನೂ ನಾಲ್ಕು ದಿನವಿತ್ತು. ನಾಲ್ಕೂ ದಿನ ಅಪ್ಪ ಎದುರಿಗೇ ಕೂತು ಊಟ ಮಾಡಿದರು, ತುಟಿ ಪಿಟಿಕ್ಕೆನ್ನಲಿಲ್ಲ. ಅರ್ಜಿ ತಿರಸ್ಕಾರವಾಯಿತು.

"ನಿಮಗೆ ಮೊದಲೇ ಗೊತ್ತಿತ್ತಾ ಅಪ್ಪ?"

"ಗೊತ್ತಿತ್ತು."

ಆರು ತಿಂಗಳು ಅವಳು ಮಾತು ಬಿಟ್ಟಳು. ಮುಂದಿನ ವರ್ಷ ಒಂದೊಂದು ಹಾಳೆಯನ್ನೂ ಹತ್ತು ಸಲ ನೋಡಿ ಅರ್ಜಿ ಹಾಕಿ, ಕೆಲಸ ಗಿಟ್ಟಿಸಿಕೊಂಡಳು. ಯಾರ ಮಗಳೆಂದು ಮಾತ್ರ ಅಲ್ಲಿ ಹೇಳಲಿಲ್ಲ. ಮೊದಲು ಸಿಟ್ಟಿಗೆ, ಆಮೇಲೆ ಅಭ್ಯಾಸಕ್ಕೆ. ತಾನು ಅಲ್ಲಿಗೆ ಬರುವುದು ಅಪ್ಪನಿಗೆ ಬೇಡವಾಗಿತ್ತೇ ಎಂಬ ಪ್ರಶ್ನೆ ಗಂಟಲಲ್ಲೇ ಉಳಿದಿತ್ತು.

*

ನೇಮಕಾತಿ ವಿಭಾಗದ ಹಳೆಯ ಜವಾನ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದ. ಆಫೀಸಿನಲ್ಲಿ ಅವಳು ಯಾರ ಮಗಳೆಂಬ ಗುಟ್ಟು ಗೊತ್ತಿದ್ದವನು ಅವನೊಬ್ಬನೇ.

"ಆ ನಾಲ್ಕು ದಿನ ನಿಮ್ಮಪ್ಪ ಸೀಟಲ್ಲಿ ನೆಟ್ಟಗೆ ಕೂರ್ಲಿಲ್ಲ ಕಣಮ್ಮ. ನಿಮ್ಮ ಅರ್ಜಿ ತೆಗೆಯೋರು, ಇಡೋರು. ನಾನೇ ಫೋನ್ ಮಾಡ್ತೀನಿ ಸಾರ್ ಅಂದೆ. ಬೈದ್ರು."

"ಏನಂತ?"

"'ಬೇರೆಯವರಿಗೆ ಹೇಳಿದ್ರೆ ಸಹಾಯ, ಮಗಳಿಗೆ ಹೇಳಿದ್ರೆ ವಶೀಲಿ. ಈ ವರ್ಷ ಅಲ್ದಿದ್ರೆ ಮುಂದಿನ ವರ್ಷ ಅವಳಿಗೆ ಸಿಕ್ಕೇ ಸಿಗುತ್ತೆ. ಆಗ ಯಾರೂ ಅವಳ ಕಡೆ ಬೆರಳು ತೋರಿಸ್ಬಾರ್ದು' ಅಂದ್ರು. ನಿಮಗೆ ಕೆಲಸ ಆದ ದಿನ ಇಡೀ ಸೆಕ್ಷನ್‌ಗೆ ಟೀ ಕೊಡಿಸಿದ್ರು. ಯಾಕೆ ಅಂತ ಮಾತ್ರ ಯಾರಿಗೂ ಹೇಳ್ಲಿಲ್ಲ."

ಅವಳಿಗೆ ಅಳು ಬಂತು, ಅದರ ಜೊತೆಗೇ ಹೆಮ್ಮೆಯೂ. ಮುಖ ತೊಳೆದು ಅಂಗಳಕ್ಕೆ ಇಳಿದಳು.

ಗಣಿತ ವಿಭಾಗದ ಮುಖ್ಯಸ್ಥರು ಎದುರಾದರು. ಹನ್ನೊಂದು ವರ್ಷದಿಂದ ಅವಳ ಪಕ್ಕದ ಕೋಣೆಯವರು.

"ಮೇಡಂ, ನೀವೂ ಬಂದಿದೀರಾ. ಆ ಪುಣ್ಯಾತ್ಮರು ಫೋನ್ ಮಾಡದಿದ್ರೆ ನಾನಿವತ್ತು ಎಲ್ಲೋ ಟ್ಯೂಷನ್ ಹೇಳ್ಕೊಂಡಿರ್ತಿದ್ದೆ. ನಿಮಗೂ ಮಾಡಿದ್ರಾ?"

"ಇಲ್ಲ ಸಾರ್, ನನಗೊಬ್ಬಳಿಗೆ ಮಾಡ್ಲಿಲ್ಲ." ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು. "ನಾನು ಅವರ ಮಗಳು."

ಶವಪೆಟ್ಟಿಗೆ ಎತ್ತುವಾಗ ಮುಖ್ಯಸ್ಥರು ಮುಂದಿನ ಜಾಗವನ್ನು ಅವಳಿಗೆ ಬಿಟ್ಟು ತಾವು ಹಿಂದಿನ ಮೂಲೆಗೆ ಸರಿದರು. ಅವಳು ಕುಳ್ಳಿ. ಹೆಗಲು ಕೊಟ್ಟದ್ದೇ ಪೆಟ್ಟಿಗೆ ಅವಳ ಕಡೆಗೆ ವಾಲಿತು.

"ಸ್ವಲ್ಪ ಬಗ್ಗಿ," ಎಂದರು ಮುಖ್ಯಸ್ಥರು ಉಳಿದವರಿಗೆ, ಮೆಲ್ಲಗೆ.

ಉಳಿದ ಮೂರು ಮೂಲೆಯ ಪ್ರೊಫೆಸರರು ಮಂಡಿ ಮಡಿಸಿ ಅವಳ ಎತ್ತರಕ್ಕೆ ಇಳಿದರು. ಹಾಗೇ ಬಗ್ಗಿಕೊಂಡು ಗೇಟಿನವರೆಗೂ ನಡೆದರು.