ಹನ್ನೊಂದನೇ ಫಾರಂ

ನಲವತ್ತನಾಲ್ಕು ವರ್ಷದ ಹೆಂಗಸು ಹದಿಹರೆಯದವರಿಗೆ ಕಾದಂಬರಿ ಬರೆಯುತ್ತಾಳೆಂದರೆ ನೆಂಟರ ಬಾಯಿಗೆ ತಾನಾಗಿಯೇ ಹೋಗಿ ಬಿದ್ದ ಹಾಗೆ. ಅವಳ ಚಿಕ್ಕಮ್ಮನಂತೂ ಸಿಕ್ಕವರಿಗೆಲ್ಲ, "ಮೊಡವೆ ಹೋಗಿ ಇಪ್ಪತ್ತು ವರ್ಷ ಆಯ್ತು, ಬುದ್ಧಿ ಮಾತ್ರ ಇನ್ನೂ ಅಲ್ಲೇ ಇದೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಐದು ಪುಸ್ತಕ ಬಂದಿದ್ದವು. ಐದರಲ್ಲೂ ಹುಡುಗಿ ತಪ್ಪು ಮಾಡುತ್ತಾಳೆ, ಅಳುತ್ತಾಳೆ, ಬುದ್ಧಿ ಕಲಿಯುತ್ತಾಳೆ. ಶಾಲೆಯವರು ಬಹುಮಾನ ಕೊಡಲು ಕೊಳ್ಳುತ್ತಿದ್ದರು; ಗೆದ್ದ ಮಕ್ಕಳು ಅದನ್ನು ಸೋತವರಿಗೆ ದಾಟಿಸಿಬಿಡುತ್ತಿದ್ದರು.

ಆರನೆಯದು ಬಂದು ತಿಂಗಳಾಗುವಷ್ಟರಲ್ಲಿ ಪ್ರಕಾಶಕನ ಫೋನು ಬಂತು. ಏನು ಕೇಳಿದರೂ 'ಆಯ್ತು ಬಿಡಿ' ಅನ್ನುವ ಆಸಾಮಿ. ಊರಿಗೆಲ್ಲ ಅವನು ಆಯ್ತುಬಿಡಿ.

"ಮೇಡಂ, ಮಕ್ಕಳಿಂದ ಚೀಲಗಟ್ಟಲೆ ಕಾಗದ ಬಂದಿದೆ. ಒಬ್ಬೊಬ್ಬರೂ ಒಂದೊಂದು ಕೊನೆ ಬರೆದು ಕಳಿಸಿದ್ದಾರೆ."

"ಅವರು ಯಾಕೆ ಬರೀಬೇಕು? ನಾನು ಬರೆದಿದ್ದೀನಲ್ಲ."

"ಬರೆದಿದ್ದೀರಿ. ಪುಸ್ತಕದಲ್ಲಿ ಇಲ್ಲ."

ನಿಜವಾಗಿಯೂ ಇರಲಿಲ್ಲ. ಮನೆ ಬಿಟ್ಟು ಓಡಿದ ಹುಡುಗಿ ಮೂರು ದಿನದ ಮೇಲೆ ಬಂದು ಬಾಗಿಲು ತಟ್ಟುತ್ತಾಳೆ, 'ಅಪ್ಪ ಚಿಲಕ ತೆಗೆದು' ಎಂಬಲ್ಲಿಗೆ ರಟ್ಟು. ಹನ್ನೊಂದನೇ ಫಾರಂ, ಅಂದರೆ ಕೊನೆಯ ಹದಿನಾರು ಪುಟ, ಸಾವಿರ ಪ್ರತಿಗಳಿಂದಲೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗಿತ್ತು. ಬೆನ್ನುಡಿಯಾಚೆ ಏನನ್ನೂ ಓದದ ಆಯ್ತುಬಿಡಿಗೆ ಅದು ಗೊತ್ತಾಗಿರಲಿಲ್ಲ. ಅಚ್ಚಾದ ತನ್ನ ಪುಸ್ತಕ ತೆರೆಯಲು ಹೆದರುವ ಅವಳಿಗೂ ಗೊತ್ತಾಗಿರಲಿಲ್ಲ.

"ಎರಡನೇ ಮುದ್ರಣಾನೂ ಹೀಗೇ ತರೋಣ. ಗಾಳಿ ಬಂದಾಗ ತೂರಿಕೋಬೇಕು."

"ನನ್ನ ಕೊನೆ ಇಲ್ಲದಿದ್ರೆ ನನ್ನ ಹೆಸರೂ ಬೇಡ."

"ಆಯ್ತು ಬಿಡಿ. ಸೋಮವಾರ ಅಚ್ಚಿಗೆ ಹೋಗುತ್ತೆ, ಅಷ್ಟರೊಳಗೆ ಹೇಳಿ. ಬೈಂಡರ್‌ನ ನೀವೇ ವಿಚಾರಿಸಿಕೊಳ್ಳಿ. ನಿಮ್ಮ ಅಪ್ಪಾನೇ ಅಲ್ವಾ?"

ಫಜೀತಿ ಇದ್ದದ್ದೇ ಅಲ್ಲಿ. ಅವಳ ಎಲ್ಲ ಪುಸ್ತಕಗಳನ್ನೂ ಕಟ್ಟಿದ್ದು ಅಪ್ಪನೇ. ಹೇಗಿದೆ ಎಂದು ಕೇಳಿದರೆ "ಕಾಗದ ಪರವಾಗಿಲ್ಲ" ಅನ್ನುತ್ತಿದ್ದ. ಒಂದು ಹಾಳೆ ತಲೆಕೆಳಗಾದರೆ ಊಟ ಬಿಡುವ ಮನುಷ್ಯ ಹದಿನಾರು ಪುಟ ಬಿಟ್ಟಿದ್ದಾನೆಂದರೆ ಅರಳುಮರಳು ಶುರುವಾಯಿತೇ? ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಬೈಂಡಿಂಗ್ ಅಂಗಡಿಯಲ್ಲಿ ಅಪ್ಪ ದಾರಕ್ಕೆ ಮೇಣ ತೀಡುತ್ತಿದ್ದ. ಕೂತಿದ್ದದ್ದು ಹನ್ನೊಂದನೇ ಫಾರಂಗಳ ಕಟ್ಟಿನ ಮೇಲೆ.

"ಅಪ್ಪಾ, ಇದನ್ನ ಸೇರಿಸೋದು ಮರೆತೆಯಾ?"

"ಸಾವಿರ ಸಲ ಮರೆಯೋಕೆ ನಾನೇನು ಮಂತ್ರಿನಾ?"

"ಹಾಗಾದ್ರೆ ಬೇಕು ಅಂತಲೇ ಬಿಟ್ಟೆ. ಎರಡು ವರ್ಷ ಕೂತು ಬರೆದಿದ್ದೀನಿ ಅಪ್ಪಾ. ಯಾರು ಕೊಟ್ರು ನಿಂಗೆ ಅಧಿಕಾರ?"

ಅಪ್ಪ ಕಟ್ಟಿನಿಂದ ಒಂದು ಫಾರಂ ಎಳೆದು, ಕನ್ನಡಕ ಏರಿಸಿ ಓದಿದ. "'ಅವಳು ಮಂಡಿಯೂರಿ, ತನ್ನನ್ನು ಕ್ಷಮಿಸೆಂದು ಬೇಡಿದಳು. ತಂದೆಯು ಗಂಭೀರವಾಗಿ ನುಡಿದನು.' ನುಡೀತಾನಂತೆ. ಹದಿನಾಲ್ಕು ಪುಟ ಕೊರೀತಾನೆ ಈ ಮಹಾನುಭಾವ. ನಾನು ಯಾವತ್ತು ಕೊರೆದಿದ್ದೆ?"

ಹದಿನಾರನೇ ವಯಸ್ಸಿನಲ್ಲಿ ಅವಳು ಓಡಿಹೋಗಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ. ಅಪ್ಪ ಓದುವುದೇ ಇಲ್ಲವೆಂಬ ಧೈರ್ಯದಲ್ಲಿ ಅದನ್ನೇ ಬರೆದಿದ್ದಳು.

"ಅದು ಕಥೆ ಅಪ್ಪಾ."

"ಚಪ್ಪಲಿ ಕಳಕೊಂಡಿದ್ದು, ಬಸ್‌ಸ್ಟ್ಯಾಂಡಲ್ಲಿ ಮಲಗಿದ್ದು, ಎಲ್ಲ ನಡೆದದ್ದೇ ತಾನೇ? ನನಗೆ ಅದ್ಯಾವುದೂ ಗೊತ್ತಿರಲಿಲ್ಲ, ನಂಬಿದೆ. ಕೊನೆಗೆ ಮಾತ್ರ ನಾನೂ ಇದ್ದೆನಲ್ಲ. ಸುಳ್ಳು ಹೊಲಿಯೋಕೆ ಕೈ ಬರಲಿಲ್ಲ."

"ಏನಾಯ್ತು ಅವತ್ತು?" ಅವಳು ಮೆಲ್ಲಗೆ ಕೇಳಿದಳು. ನಾಚಿಕೆಯಲ್ಲಿ ಅವಳಿಗೆ ಬಾಗಿಲವರೆಗೆ ಮಾತ್ರ ನೆನಪಿತ್ತು. ಆಮೇಲಿನದನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ ಕೇಳಿ ತಾನೇ ತುಂಬಿಕೊಂಡಿದ್ದಳು.

"ಕ್ಷಮೆ ಗಿಮೆ ಏನೂ ಇಲ್ಲ. 'ತಿನ್ನೋಕೆ ಏನಿದೆ' ಅಂದೆ ನೀನು. ನಿನ್ನ ಪಾಲಿನ ಅನ್ನ ತಿಂದೆ, ನನ್ನದೂ ತಿಂದೆ. ನಾನು ಒಲೆ ಮುಂದೆ ನಿಂತು ಅಳ್ತಾ ಇದ್ದೆ. ತಟ್ಟೆಯಿಂದ ತಲೆ ಎತ್ತಲಿಲ್ಲ ನೀನು, ಮೂದೇವಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಳುವೇ ಗೆದ್ದಿತು. ಅಪ್ಪ ಅವಳಿಗೆ ಕೂರಲು ಜಾಗ ಬಿಟ್ಟು, ಮತ್ತೆ ದಾರ ಹಿಡಿದ. ಅವಳು ಪೆನ್ಸಿಲ್ ಇಸಿದುಕೊಂಡು ಅಲ್ಲೇ ಒಂದು ರದ್ದಿ ಹಾಳೆಯ ಮೇಲೆ ಬರೆದಳು. ಹದಿನಾರು ಪುಟ ಬೇಕಾಗಲಿಲ್ಲ, ಒಂದೇ ಹಾಳೆಗೆ ಮುಗಿಯಿತು.

ಅಪ್ಪ ಓದಿದ. "ನಾನು ಅತ್ತಿದ್ದು ಬೇಡ, ತೆಗಿ."

"ತೆಗೆಯೋದಿಲ್ಲ. ಕಟ್ಟೋನು ನೀನು. ಇಷ್ಟ ಇಲ್ಲದಿದ್ರೆ ಬಿಟ್ಬಿಡು."

ಒಂಟಿ ಹಾಳೆ ಹೊಲಿಗೆಗೆ ಸಿಗುವುದಿಲ್ಲ. ಅಂಚಿಗೆ ಗೋಂದು ಸವರಿ ಒಂದೊಂದನ್ನೂ ಕೈಯಲ್ಲೇ ಅಂಟಿಸಬೇಕು. ಎರಡನೇ ಮುದ್ರಣ ಎರಡು ಸಾವಿರ ಪ್ರತಿ. ಅಪ್ಪ ಒಂದನ್ನೂ ಬಿಡಲಿಲ್ಲ.