ಮೂಳೆಯ ಹತ್ತಿರದ ಕೆಂಪು

ಮೂರು ವಾರದಿಂದ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ ಕದಿರಪ್ಪ ಅವತ್ತು ತಾನಾಗಿಯೇ ಬಾಯಿಬಿಟ್ಟು ತಿನ್ನಲು ಕೇಳಿದ. ಕೇಳಿದ್ದಾದರೂ ಏನು? ತಂದೂರಿ ಕೋಳಿ!

ಇಪ್ಪತ್ತು ವರ್ಷ ಕೋಲಾರದ ಟೊಮೆಟೊ ಹೇರಿಕೊಂಡು ನಾಗಪುರದವರೆಗೆ ಲಾರಿ ಓಡಿಸಿದವನು ಅವನು. ದಾರಿಯ ಡಾಬಾಗಳಲ್ಲಿ ತಿಂದದ್ದು ನಾಲಗೆಗೆ ಮರೆತಿರಲಿಲ್ಲ. ಈಗ ಕ್ಯಾನ್ಸರ್ ಔಷಧಿ ಮೈಗೇರಿದ ಮೇಲೆ ಗಂಜಿಯೂ ಕಹಿ, ಮುದ್ದೆಯೂ ಕಹಿ. ಚಿಕಿತ್ಸೆಗೆಂದು ಅಪ್ಪ ಅಮ್ಮನನ್ನು ಬೂದಿಕೋಟೆಯ ಕಡೆಯಿಂದ ಉರಿಗಾಂನ ತನ್ನ ಮನೆಗೆ ಕರೆತಂದಿದ್ದ ಮಗಳು ಕಲ್ಪನಳಿಗೆ ಆ ಮಾತು ಕೇಳಿ ಜೀವ ಬಂದಂತಾಯಿತು. ಮರುಕ್ಷಣವೇ ಭಯವೂ ಆಯಿತು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು: ರಕ್ತದಲ್ಲಿ ಬಿಳಿಕಣ ಇಳಿದಿದೆ, ಹೊರಗಿನ ಊಟ ಬೇಡವೇ ಬೇಡ, ಮಾಂಸ ಕೊಟ್ಟರೆ ಪೂರ್ತಿ ಬೆಂದಿರಬೇಕು, ಜ್ವರ ಬಂದರೆ ತಕ್ಷಣ ಕರೆತನ್ನಿ.

"ಮನೇಲಿ ತಂದೂರಿ ಒಲೆ ಎಲ್ಲೈತೆ? ಸಾರು ಮಾಡು, ಸಾಕು," ಅಂದಳು ತಾಯಿ ಚಿಕ್ಕವೆಂಕಟಮ್ಮ.

"ಸಾರು ಕೊಟ್ರೆ ಅಪ್ಪ ಮಕ ತಿರುಗಿಸ್ಕೊಂತದೆ ಕಣಮ್ಮ. ಎಂಗೋ ಮಾಡ್ತೀನಿ."

ಮರುದಿನ ಬೆಳಿಗ್ಗೆಯೇ ಬಂಗಾರಪೇಟೆಯ ಪರಿಚಯದ ಅಂಗಡಿಗೆ ಹೋಗಿ, ಕಣ್ಣೆದುರೇ ಕೊಯ್ಯಿಸಿದ ಕೋಳಿ ತಂದಳು. ತುಂಡುಗಳಿಗೆ ಆಳವಾಗಿ ಗೀರು ಹಾಕಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಉಪ್ಪು, ಶುಂಠಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ ಹಚ್ಚಿ ಫ್ರಿಜ್ಜಿನಲ್ಲಿಟ್ಟಳು. ಮಧ್ಯಾಹ್ನ ಕಬ್ಬಿಣದ ಹೆಂಚಿನಲ್ಲಿ ಮುಚ್ಚಿ ಬೇಯಿಸಿ, ಕೊನೆಗೆ ಸ್ಟೌ ಮೇಲೆ ಜಾಲರಿ ಇಟ್ಟು ನೇರ ಉರಿಗೆ ಹಿಡಿದಳು. ಅಂಚು ಕರ್ರಗಾಯಿತು. ಒಳಗೆ?

ತೊಡೆ ಸೀಳಿ ನೋಡಿದಳು. ಮೂಳೆಯ ಹತ್ತಿರ ಕೆಂಪು.

ರಕ್ತವೋ, ಮೆಣಸಿನಪುಡಿಯ ಬಣ್ಣವೋ? ಎಲ್ಲವನ್ನೂ ಮತ್ತೆ ಹೆಂಚಿಗೆ ಹಾಕಿ ಮುಚ್ಚಿದಳು. ಹತ್ತು ನಿಮಿಷ ಬಿಟ್ಟು ಇನ್ನೊಂದು ಸೀಳಿದಳು. ಅದೇ ಕೆಂಪು.

"ಏನ್ ಮಗಾ, ಇನ್ನೂ ಆಗ್ಲಿಲ್ವಾ?" ನಡುಮನೆಯಿಂದ ಕದಿರಪ್ಪನ ಸಣ್ಣ ದನಿ. "ಒಟ್ಟೆ ಅಸೀತೈತೆ."

ಆ ಮಾತಿಗೆ ಚಿಕ್ಕವೆಂಕಟಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಕಲ್ಪನಳಿಗೆ ಅಳಲೂ ಪುರುಸೊತ್ತಿಲ್ಲ. ಹಿತ್ತಲಿಂದ ಪಕ್ಕದ ಮನೆಯ ಮಾರಿಯಮ್ಮನನ್ನು ಕೂಗಿದಳು. ಬಟ್ಟೆ ಇಸ್ತ್ರಿ ಮಾಡಿ ಬದುಕುವ ಮಾರಿಯಮ್ಮ, ಕೋಳಿಗೆ ಹೊಗೆ ಹಾಕಲು ಕೊಡುತ್ತೇನೆಂದಿದ್ದ ಇದ್ದಿಲ ಕೆಂಡವನ್ನು ಇಕ್ಕಳದಲ್ಲಿ ಹಿಡಿದೇ ಬಂದಳು. ತೊಡೆಯನ್ನು ಒತ್ತಿ ನೋಡಿದಳು.

"ಬೆಂದಿದೆ ಮಾ. ಮಾಂಸ ಮೂಳೆ ಬಿಡ್ತಾ ಇದೆ, ನೀರೂ ತಿಳಿಯಾಗಿದೆ. ಎಳೇ ಕೋಳಿ ಮೂಳೆ ಹಂಗೇ, ಎಷ್ಟ್ ಬೇಯ್ಸಿದ್ರೂ ಕೆಂಪೇ."

"ನಿಜವಾಗ್ಲೂ ಅಕ್ಕಾ?"

"ನಿಜ ಮಾ."

ಆದರೂ ಮನಸ್ಸು ಒಪ್ಪದೆ ಇನ್ನೂ ಹತ್ತು ನಿಮಿಷ ಬೇಯಿಸಿದಳು. ಆಮೇಲೆ ಪಾತ್ರೆಯ ನಡುವೆ ಸಣ್ಣ ಬಟ್ಟಲಲ್ಲಿ, ಸ್ಟೌ ಉರಿಯಲ್ಲಿ ಮತ್ತೆ ಕೆಂಪಾಗಿಸಿದ ಕೆಂಡವಿಟ್ಟು, ತುಪ್ಪ ತೊಟ್ಟಿಕ್ಕಿಸಿ, ಬುಸ್ಸೆಂದು ಹೊಗೆ ಏಳುತ್ತಲೇ ಮುಚ್ಚಿದಳು. ಹೊಗೆ ಅಪ್ಪನ ಎದೆಗೆ ಹೋದೀತೆಂದು ಹಿತ್ತಲಿಗೊಯ್ದು ತೆರೆದಳು.

ಕದಿರಪ್ಪ ಎಳೆ ಬಿಡಿಸಿ ಬಾಯಿಗಿಟ್ಟ. ಅಗಿದ, ಇನ್ನಷ್ಟು ಅಗಿದ. "ಬಲೇ ಒಣಗೋಗೈತೆ," ಎಂದ. ಆದರೆ ತಟ್ಟೆ ಸರಿಸಲಿಲ್ಲ. ಎರಡು ತುಂಡು ಮುಗಿಸಿ, ಬೆರಳು ಚೀಪಿ, "ಒಗೆ ವಾಸ್ನೆ ಮಾತ್ರ ಡಾಬಾದ್ದೇ," ಅಂದು ಗೋಡೆಗೊರಗಿದ.

ಕಲ್ಪನಳ ಸಂಕಟ ಶುರುವಾದದ್ದೇ ಅಲ್ಲಿಂದ. ಗಂಟೆಗೊಮ್ಮೆ ಥರ್ಮಾಮೀಟರು. ನಾಲ್ಕು ಗಂಟೆಗೆ ತೊಂಬತ್ತೊಂಬತ್ತು! ಆಸ್ಪತ್ರೆಗೆ ಫೋನು ಮಾಡಿದರೆ ನರ್ಸಮ್ಮ, "ನೂರು ದಾಟಿದ್ರೆ ಕರ್ಕೊಂಡ್ ಬನ್ನಿ, ಅರ್ಧ ಗಂಟೆ ಬಿಟ್ಟು ನೋಡಿ," ಅಂದಳು. ಕಲ್ಪನ ಫೈಲು ಚೀಲಕ್ಕೆ ಹಾಕಿ, ಆಟೋದವನಿಗೆ ಹೇಳಿಟ್ಟು, ಗಡಿಯಾರ ನೋಡುತ್ತ ಕೂತಳು. ಅರ್ಧ ಗಂಟೆಗೆ ತೊಂಬತ್ತೆಂಟೂವರೆ. ಮಾರನೆಯ ದಿನವೂ ಅಷ್ಟೇ. ಅದರ ಮಾರನೆಯ ದಿನವೂ ಏರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಕದಿರಪ್ಪ ಎದ್ದು ಕೂತು, "ಇವತ್ತೂ ಅದೇ ಮಾಡಮ್ಮ. ಒಸಿ ಬೇಗ ಇಳ್ಸು, ಒಣಗಿಸ್ಬೇಡ," ಎಂದ.

"ಬೇಗ ಇಳ್ಸಲ್ಲಪ್ಪ," ಅಂದಳು ಕಲ್ಪನ, ನಗುತ್ತಲೇ ಅವನ ಹಣೆ ಮುಟ್ಟಿ ನೋಡಿ.