ಒದ್ದೆ ನೆಲ

ಶಿವಪುತ್ರ ಮೂರನೆಯ ತಂಬಿಗೆ ನೀರನ್ನು ಅಪ್ಪನ ಎದೆಯ ಮೇಲೆ ಹೊಯ್ದು ಅಲ್ಲಿಗೇ ನಿಂತುಬಿಟ್ಟ. ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಎರಡು ಸೀರೆ ಅಡ್ಡ ಕಟ್ಟಿ, ಮರೆಪ್ಪನ ಹೆಣವನ್ನು ಹಲಗೆಯ ಮೇಲೆ ಮಲಗಿಸಿದ್ದರು. ಮುಖ, ತೋಳು, ಎದೆ ತೊಳೆದದ್ದಾಗಿತ್ತು. ಸೊಂಟದ ಪಂಚೆಗೆ ಕೈಹಾಕಲು ಮಗನಿಗೆ ಆಗಲಿಲ್ಲ.

"ಕೊಡು ಇಲ್ಲೆ," ಎಂದು ಶೆಟ್ಟೆಪ್ಪ ತಂಬಿಗೆ ಇಸಿದುಕೊಂಡ. ಮರೆಪ್ಪನ ಊರಿನವನು, ಅವನದೇ ವಾರಿಗೆಯವನು. ವಿಕ್ರೋಳಿಯ ಗೋದಾಮೊಂದರಲ್ಲಿ ವಾಚ್‌ಮನ್. ಸುದ್ದಿ ತಿಳಿದು ಮೊದಲ ಲೋಕಲ್ ರೈಲಿಗೇ ಬಂದಿದ್ದ. "ನೀ ಆಕಡೆ ಮಾರಿ ಮಾಡು. ನಾವಿಬ್ಬರೂ ಒಂದೇ ಹಳ್ಳದಾಗ ಬತ್ತಲೆ ಈಜಿದವರು. ನನ್ನ ಮುಂದ ಅವಗೇನು ನಾಚಿಕಿ."

ಶಿವಪುತ್ರ ಗೋಡೆಯ ಕಡೆ ತಿರುಗಿದ. ಹಿಂದೆ ನೀರಿನ ಸಪ್ಪಳದ ನಡುವೆ ಶೆಟ್ಟೆಪ್ಪ, "ಆತು, ಆತು, ಮರ್ಯಾ," ಎಂದು ಮೆಲ್ಲಗೆ ಹೇಳುವುದು ಕೇಳಿಸಿತು.

ಒಳಗೆ ಹೆಂಗಸರು ಗೋಡೆಗೊರಗಿ ಕೂತಿದ್ದರು. ಕೆಳಗಿನ ಮನೆಯ ಬಸಲಿಂಗವ್ವ ಮರೆಪ್ಪನ ಸೊಸೆ ರಂಜನಾಳನ್ನು ಕೇಳಿದಳು: "ಏನಾಗಿತ್ತವ್ವಾ ಮುದುಕಗ? ಹೋದ ವಾರ ಮೆಟ್ಟಿಲಿನ್ಯಾಗ ಸಿಕ್ಕಿದ್ದ."

"ಮೂತ್ರದ ಇನ್ಫೆಕ್ಷನ್ ಅಂದ್ರು. ಕಿಡ್ನಿಗೆ ಹತ್ತಿತ್ತಂತ. ನೀರು ಕಮ್ಮಿ ಕುಡಿತಿದ್ರೇನು ಅಂತ ಡಾಕ್ಟರ್ ಎರಡೆರಡು ಸಲ ಕೇಳಿದ್ರು."

"ಕುಡಿತಿದ್ದಿಲ್ಲೇನು?"

"ಯಾರು ನೋಡ್ಯಾರ್ರಿ," ಎಂದು ರಂಜನಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೊಡದ ತುಂಬ ನೀರಂತೂ ಇರ್ತಿತ್ತು."

ಹನ್ನೊಂದು ವರ್ಷದ ಮಗಳು ಶ್ರೇಯಾ ಒಳಗೆ ಬರದೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಐದು ತಿಂಗಳಿಂದ ಅವಳು ಅಪ್ಪನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಫೀಸು, ಸಹಿ, ಛತ್ರಿ, ಅಷ್ಟೇ.

*

ದೀಪಾವಳಿಯ ಹಿಂದಿನ ವಾರ ಶ್ರೇಯಾ ಸ್ಕೂಲ್ ಬ್ಯಾಗಿನಲ್ಲಿ ಒಂದು ಬೀದಿನಾಯಿಯ ಮರಿಯನ್ನು ತಂದಿದ್ದಳು. ಬೇಡವೆಂದ ಶಿವಪುತ್ರನನ್ನು ಮರೆಪ್ಪನೇ ಒಪ್ಪಿಸಿದ. "ನಾ ಕಲಸ್ತೀನಿ ಬಿಡು. ತಿಂಗಳೊಪ್ಪತ್ತಿನ್ಯಾಗ ರಾತ್ರಿ ಮನಿ ಹೊಲಸ ಮಾಡಂಗಿಲ್ಲ."

ಆ ವಿದ್ಯೆ ಅವನಿಗೆ ಬರುತ್ತಿತ್ತು. ಊರಿಂದ ಬಂದ ಮೇಲೆ ಕೆಲವು ವರ್ಷ ಗಟಾರ ಅಗೆದು, ಆಮೇಲೆ ಇಪ್ಪತ್ತೆರಡು ವರ್ಷ ವಿಲೆ ಪಾರ್ಲೆಯ ಒಂದು ಬಂಗಲೆಯ ಗೇಟು ಕಾದವನು. ಸಾಹೇಬರ ನಾಯಿಗಳು ರಾತ್ರಿ ಮಲಗುವುದು ಒಳಗಿನ ರತ್ನಗಂಬಳಿಗಳ ಮೇಲೆ. ಅವುಗಳನ್ನು ತಿದ್ದುವುದು, ತಿದ್ದುವವರೆಗೂ ಅವುಗಳ ಹೊಲಸು ಬಳಿಯುವುದು, ಎರಡೂ ಅವನ ಪಾಲಿಗೆ ಬಂದಿದ್ದವು. ಶಿವಪುತ್ರ ಶಾಲೆಯಲ್ಲಿ ಅಪ್ಪ ಸೆಕ್ಯೂರಿಟಿ ಆಫೀಸಿನಲ್ಲಿದ್ದಾನೆ ಎಂದು ಹೇಳುತ್ತಿದ್ದ.

"ಹೊಡದ್ರ ಕಲಿಯಂಗಿಲ್ಲ," ಎಂದು ಮರೆಪ್ಪ ಮೊಮ್ಮಗಳಿಗೆ ಹೇಳಿಕೊಟ್ಟ. "ಹೊಡದ್ರ ಅಂಜಿ ಮೂಲ್ಯಾಗ ಮಾಡ್ತದ. ಏಳಕ್ಕ ಊಟ. ಎಂಟಕ್ಕ ನೀರಿನ ಬಟ್ಟಲ ಎತ್ತಿಬಿಡು. ಮಲಗೂ ಮುಂದ ಒಮ್ಮೆ ಕೆಳಗ, ನಸುಕಿನ್ಯಾಗ ಒಮ್ಮೆ ಕೆಳಗ. ಮಾಡಿದ ಕೂಡಲೆ ಶಾಬ್ಬಾಸ್ ಅನಬೇಕು, ಮನಿಗೆ ಬಂದಮ್ಯಾಲ ಅಲ್ಲ."

ನೋಯುವ ಮೊಣಕಾಲಿನಲ್ಲಿ ಮರಿಯನ್ನು ಎದೆಗವಚಿಕೊಂಡು ಮೂರು ಮಹಡಿ ಇಳಿದು ಗಟಾರದ ಪಕ್ಕ ನಿಲ್ಲುತ್ತಿದ್ದ. "ಮಾಡು ಕೂಸ, ಮಾಡು." ಮಾಡಿದರೆ ಒಂದು ತುಣುಕು ಬಿಸ್ಕಿಟ್. ಹೆಸರೂ ಅದೇ ಆಯಿತು. ಹದಿನೆಂಟನೆಯ ಬೆಳಿಗ್ಗೆ ನೆಲ ಒಣಗಿತ್ತು. ಶ್ರೇಯಾಳ ಅಂಗೈಯನ್ನು ಹಿಡಿದು ಫರಸಿಯ ಮೇಲೆ ಇಡಿಸಿ, "ನೋಡು," ಎಂದ. ಅವಳು ಕ್ಯಾಲೆಂಡರಿನಲ್ಲಿ ಒಂದು ನಕ್ಷತ್ರ ಬರೆದಳು. ಆಮೇಲೆ ದಿನಕ್ಕೊಂದು.

ಜನವರಿಯಲ್ಲಿ ನೆಲ ಮತ್ತೆ ಒದ್ದೆಯಾಯಿತು. ಹಾಲ್‌ನಲ್ಲಿ, ಮರೆಪ್ಪನ ಹಾಸಿಗೆಯ ಪಕ್ಕದಲ್ಲೇ.

"ಅಜ್ಜಾ, ಬಿಸ್ಕಿಟ್ ಭೂಲ್ ಗಯಾ ಕ್ಯಾ?"

"ಸಣ್ಣದು," ಎಂದ ಮರೆಪ್ಪ, ಬೇರೆ ಕಡೆ ನೋಡುತ್ತ. "ಮರೀತದ."

ಅವನೇ ಎಲ್ಲರಿಗಿಂತ ಮೊದಲೆದ್ದು ಒರೆಸುತ್ತಿದ್ದ. ಐದನೆಯ ಸಲ ಶಿವಪುತ್ರ ಮೊದಲು ಎದ್ದ. ಬೆಳಗಿನ ಪಾಳಿಗೆ ಹೊರಟವನ ಕಾಲು ಜಾರಿತು. ಲೈಟು ಹಾಕಿ ಬಗ್ಗಿದ. ಹಾಸಿಗೆಯ ಅಂಚು ತೋಯ್ದಿತ್ತು, ಇನ್ನೂ ಬೆಚ್ಚಗಿತ್ತು. ಮರಿ ಆಚೆ ಬಾಗಿಲಿಗೆ ಕಟ್ಟಿದಲ್ಲೇ ಸುರುಳಿಯಾಗಿ ನಿದ್ದೆ ಮಾಡುತ್ತಿತ್ತು. ಅದರ ಹಗ್ಗ ಹಾಲ್‌ನ ಅರ್ಧಕ್ಕೂ ಬರುವಷ್ಟಿರಲಿಲ್ಲ.

ಅವನು ತಲೆಯೆತ್ತಿದಾಗ ಮರೆಪ್ಪ ಎದ್ದು ಕೂತಿದ್ದ. ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಮಗನನ್ನೇ ನೋಡುತ್ತಿದ್ದ. ಅಪ್ಪಾ, ಡಾಕ್ಟರಿಗೆ ತೋರಿಸೋಣ ಎನ್ನಬೇಕಿತ್ತು. ಮಾತು ಬಾಯಿಯವರೆಗೆ ಬಂದಿತ್ತು. ಅಪ್ಪನಿಗೆ ಆ ಮಾತನ್ನು ಹೇಳುವುದು ಹೇಗೆಂದು ಶಿವಪುತ್ರನಿಗೆ ತಿಳಿಯಲಿಲ್ಲ. ಅವನು ಟೇಬಲ್ಲಿನ ಮೇಲಿದ್ದ ಪೇಪರನ್ನು ಸುತ್ತಿದ. ಬಾಗಿಲಿಗೆ ಹೋಗಿ ಮರಿಗೆ ಹೊಡೆದ. ಮೂರು ಸಲ, ಜೋರಾಗಿ.

ನಿದ್ದೆಯಿಂದೆದ್ದ ಮರಿಗೆ ಏನೂ ಅರ್ಥವಾಗಲಿಲ್ಲ. ಕಿರುಚಲೂ ಇಲ್ಲ. ಹಗ್ಗ ಜಗ್ಗುವಷ್ಟು ದೂರ ಮರೆಪ್ಪನ ಕಡೆ ತೆವಳಿಕೊಂಡು ಬಂದು, ಅಲ್ಲಿ ಹೆದರಿ ಉಚ್ಚೆ ಹೊಯ್ದುಕೊಂಡಿತು. ಕೋಣೆಯಿಂದ ಎದ್ದು ಬಂದ ಶ್ರೇಯಾ ಅದನ್ನಷ್ಟೇ ನೋಡಿದಳು.

ಮರೆಪ್ಪ ಕೌದಿಯನ್ನು ಇನ್ನಷ್ಟು ಮೇಲೆ ಎಳೆದುಕೊಂಡ.

ಆ ಭಾನುವಾರ ಶೆಟ್ಟೆಪ್ಪ ಬಂದು ಮರಿಯನ್ನು ವಿಕ್ರೋಳಿಗೆ ಒಯ್ದ. "ಅದು ಕಲಿಯೋ ಜಾತಿ ಅಲ್ಲ," ಎಂದು ಶಿವಪುತ್ರ ಮಗಳಿಗೆ ಹೇಳಿದ. ಅಪ್ಪ ಕೇಳಿಸಿಕೊಳ್ಳುವಂತೆಯೇ ಹೇಳಿದ.

*

ಸ್ಮಶಾನದಲ್ಲಿ ಎಲ್ಲ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಶೆಟ್ಟೆಪ್ಪ ಶಿವಪುತ್ರನನ್ನು ಕಲ್ಲುಬೆಂಚಿಗೆ ಕರೆದ.

"ಇನ್ನ ಹೇಳಿದ್ರ ನಡೀತದ. ನಿಮ್ಮಪ್ಪ ಐತವಾರಕ್ಕೊಮ್ಮೆ ನನ್ನ ಕಡೆ ಬರ್ತಿದ್ದ. ನಾಯಿ ನೋಡಾಕ."

"ಭಜನಿಗೆ ಅಂತ ಹೇಳ್ತಿದ್ದ."

"ಎಲ್ಲಿ ಭಜನಿ. ನಾಯಿ ಬಾಜೂಕ ಕುಂತು ಹೋಗ್ತಿದ್ದ. ಚಾ ಕೊಟ್ರ ಒಲ್ಲೆ, ನೀರು ಕೊಟ್ರ ಒಲ್ಲೆ. ಒಂದಿನ ನಾ ಸಿಟ್ಟಿಗೆದ್ದೆ. ಆಗ ಬಾಯಿ ಬಿಟ್ಟ. ಮಧ್ಯಾಹ್ನದ ಮ್ಯಾಲ ನೀರು ಬಂದ್ ಮಾಡೀನಿ ಶೆಟ್ಟ್ಯಾ ಅಂದ. ಮರಿಗೆ ಕಲಿಸಿದಂಗ ನನಗ ನಾನ ಕಲಿಸಿಕೊಳ್ಳಾಕತ್ತೀನಿ ಅಂದ." ಶೆಟ್ಟೆಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಹದಿನೈದು ದಿನ ಆತು, ಹಾಸಿಗಿ ಒಣಾ ಅದ ಅಂದ. ಖುಷೀಲೆ ಹೇಳಿದ, ತಮ್ಮಾ."

"ನನಗ್ಯಾಕ ತಿಳಿಸಲಿಲ್ಲ ಕಾಕಾ?"

"ಯಾರಿಗೂ ಹೇಳಬ್ಯಾಡಂತ ಆಣಿ ಹಾಕಿಸಿದ್ದ. ಹುಚ್ಚ ನಾನು, ಆಣಿ ಪಾಲಿಸ್ಕೋತ ಕುಂತೆ." ಅವನು ಶಿವಪುತ್ರನ ಬೆನ್ನ ಮೇಲೆ ಕೈಯಿಟ್ಟ. "ನೀ ಮನಸಿಗೆ ಹಚ್ಚಿಕೋಬ್ಯಾಡ. ನಿನಗರ ಏನು ಗೊತ್ತಿತ್ತು, ಪಾಪ."

ಈಗಲೂ ಹೇಳಬಹುದಿತ್ತು.

"ಗೊತ್ತಿದ್ದಿಲ್ಲ," ಎಂದ ಶಿವಪುತ್ರ.

ಬೆನ್ನ ಮೇಲಿನ ಕೈ ಅಲ್ಲೇ ಇತ್ತು. ಅದು ತಾನಾಗಿ ಸರಿಯುವವರೆಗೆ ಅವನು ಅಲುಗಲಿಲ್ಲ.

*

ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಬಸಲಿಂಗವ್ವ, "ಸತ್ತವರ ಹಾಸಿಗಿ ಮನಿಯಾಗ ಇಟ್ಕೋಬಾರ್ದು, ಕಚರಾ ಗಾಡಿ ಬರೂದ್ರಾಗ ಕೆಳಗಿಟ್ಟು ಬಾ," ಎಂದಳು. ರಂಜನಾ ಆಗಲೇ ಗಾದಿಯನ್ನು ಸುತ್ತಿ ಹಗ್ಗ ಬಿಗಿದಿದ್ದಳು. ಶಿವಪುತ್ರ ಅದನ್ನು ಹೊತ್ತು ಹೊರಗೆ ಬಂದ. ಶ್ರೇಯಾ ಇನ್ನೂ ಮೆಟ್ಟಿಲ ಮೇಲಿದ್ದಳು. ದಾರಿ ಬಿಡಲು ಗೋಡೆಗೆ ಸರಿದಳು.

ಅವನು ಇಳಿಯಲಿಲ್ಲ. ಗಾದಿಯನ್ನು ಕೆಳಗಿಟ್ಟು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

"ಶ್ರೇಯಾ. ಆವತ್ತು ಬಿಸ್ಕಿಟ್ ಮಾಡಿದ್ದಲ್ಲ."

"ಮುಝೆ ಪತಾ ಹೈ, ಪಪ್ಪಾ. ನಂಗೆ ಗೊತ್ತು."

ಅವನು ತಿರುಗಿ ನೋಡಿದ.

"ಅಜ್ಜನೇ ಬತಾಯಾ. ಬಿಸ್ಕಿಟ್ ಹೋದ್ನಲ್ಲ, ಅದೇ ದಿನ." ಅವಳು ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿದಳು. "ನಂಗೆ ಸಾರಿ ಅಂದ್ರು. ಕಾಲಿಗೆ ಕೈ ಹಚ್ಚಾಕ ಬಂದ್ರು. ನಾನು ಬೇಡ ಅಂದೆ."

"ನನಗ್ಯಾಕ ಹೇಳಲಿಲ್ಲ?"

"ಅಜ್ಜ ಬೇಡ ಅಂದ್ರು. ನಿಮ್ಮಪ್ಪಗ ಎಲ್ಲಾ ಗೊತ್ತದ, ನೀ ಹೇಳಿದ್ರ ಅವನಿಗೆ ನಾಚಿಕಿ ಆಗ್ತದ. ಹಂಗ ಅಂದ್ರು."

ಕೆಳಗೆ ಕಚರಾ ಗಾಡಿಯ ಗಂಟೆ ಕೇಳಿಸಿತು. ಶಿವಪುತ್ರ ಎದ್ದು ಗಾದಿಯನ್ನು ಮತ್ತೆ ಹೆಗಲಿಗೇರಿಸಿದ. ಮೆಟ್ಟಿಲಿಳಿಯದೆ ಗ್ಯಾಲರಿಗೆ ನಡೆದು, ಹಗ್ಗದ ಗಂಟು ಬಿಚ್ಚಿ, ಅದನ್ನು ಕಟಾಂಜನದ ಮೇಲೆ ಹರವಿದ. ರಂಜನಾ ಒಳಮಗ್ಗುಲಿಗೆ ಮಡಿಸಿಟ್ಟಿದ್ದ ಬದಿ ಹೊರಗಾಯಿತು. ಹಳದಿ ಕಲೆಗಳು ಒಂದರ ಮೇಲೊಂದು ಸುತ್ತು ಸುತ್ತಾಗಿ ಹಬ್ಬಿದ್ದವು.

"ಒಳಗ ತಗೋರಿ," ಎಂದಳು ರಂಜನಾ ಬಾಗಿಲಿಂದ, ಸಣ್ಣ ದನಿಯಲ್ಲಿ. "ಮಂದಿ ನೋಡಾಕತ್ತಾರ."

ಎದುರಿನ ಬಿಲ್ಡಿಂಗಿನಲ್ಲಿ ಬಟ್ಟೆ ಹಾಕುತ್ತಿದ್ದ ಹೆಂಗಸು ಕೈ ನಿಲ್ಲಿಸಿದ್ದಳು. ಭಾರಕ್ಕೆ ಗಾದಿ ಆಚೆ ಜಾರತೊಡಗಿತು. ಶ್ರೇಯಾ ಬಂದು ಇನ್ನೊಂದು ಮೂಲೆ ಹಿಡಿದಳು. ನಾಲ್ಕು ಗಂಟೆಯ ಬಿಸಿಲು ನೇರವಾಗಿ ಬೀಳುತ್ತಿತ್ತು. ಇಬ್ಬರೂ ಎರಡು ತುದಿ ಹಿಡಿದು, ರಸ್ತೆಯ ಕಡೆ ಮುಖ ಮಾಡಿ ನಿಂತರು.